ಇಲ್ಲದ ಷಟಲ್, ಇರಬಾರದಿದ್ದ ಮಾತು

1966ರ ಅಕ್ಟೋಬರ್ 6ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಐದನೆಯ ಕಂತು ಪ್ರಸಾರವಾಯಿತು. ಅದರ ಹೆಸರು ‘ದಿ ಎನಿಮಿ ವಿದಿನ್’. ಬರೆದವರು ರಿಚರ್ಡ್ ಮ್ಯಾಥೆಸನ್. ‘ಐ ಆ್ಯಮ್ ಲೆಜೆಂಡ್’ ಕಾದಂಬರಿಯಿಂದ ಅಷ್ಟರಲ್ಲಾಗಲೇ ಹೆಸರು ಮಾಡಿದ್ದವರು. ನಿರ್ದೇಶಕ ಲಿಯೋ ಪೆನ್. ವಿಲಿಯಂ ಶಾಟ್ನರ್ ಇಬ್ಬರು ಕ್ಯಾಪ್ಟನ್ ಕರ್ಕ್‌ಗಳಾಗಿ ನಟಿಸಿದ ಕಂತು ಎಂದು ಇದನ್ನು ನೆನೆಯುವವರಿದ್ದಾರೆ. ಕಥೆಯಲ್ಲಿ ಕಣ್ಣಿಗೆ ರಾಚುವಂಥ ತೂತು ಇರುವ ಕಂತು ಎಂದು ನೆನೆಯುವವರು ಅವರಿಗಿಂತ ಕಡಿಮೆಯೇನಿಲ್ಲ. ಆ ತೂತು ಹೇಗಾಯಿತು, ಅದಕ್ಕೆ ಎಷ್ಟು ತೂಕ ಕೊಡಬೇಕು ಎನ್ನುವುದನ್ನು ವಿವರವಾಗಿ ನೋಡಬೇಕು. ಏಕೆಂದರೆ ಅದಕ್ಕಿಂತ ದೊಡ್ಡ ತೂತೊಂದು ಇದೇ ಕಂತಿನ ಕೊನೆಯ ನಿಮಿಷದಲ್ಲಿದೆ, ತಪ್ಪು ಹುಡುಕುವವರ ಕಣ್ಣು ಅದರ ಮೇಲೆ ಸಾಕಷ್ಟು ಬಿದ್ದಿಲ್ಲ ಎಂಬುದು ನನ್ನ ವಾದ.

ಮೊದಲು ಕಥೆ. ಎಂಟರ್‌ಪ್ರೈಸ್ ಎಂಬ ನೌಕೆಯ ತಂಡವೊಂದು ಆಲ್ಫಾ 177 ಎಂಬ ಗ್ರಹದ ಮೇಲೆ ಇಳಿದು ಮಾದರಿಗಳನ್ನು ಸಂಗ್ರಹಿಸುತ್ತಿದೆ. ಫಿಶರ್ ಎಂಬ ಭೂವಿಜ್ಞಾನ ತಂತ್ರಜ್ಞ ಬಂಡೆಯಿಂದ ಜಾರಿ ಬಿದ್ದು ಕೈಗೆ ಗಾಯ ಮಾಡಿಕೊಳ್ಳುತ್ತಾನೆ. ಅವನ ಬಟ್ಟೆಗೆ ಹಳದಿ ಬಣ್ಣದ ಅದಿರಿನ ಪುಡಿ ಮೆತ್ತಿಕೊಂಡಿದೆ. ಟ್ರಾನ್ಸ್‌ಪೋರ್ಟರ್ ಎಂಬ ಯಂತ್ರದ ಮೂಲಕ ಅವನನ್ನು ನೌಕೆಗೆ ಎಳೆದುಕೊಂಡಾಗ ಆ ಪುಡಿಯಿಂದ ಯಂತ್ರ ಕೆಡುತ್ತದೆ. ಅವನ ಹಿಂದೆಯೇ ಬಂದ ಕರ್ಕ್ ಎರಡಾಗುತ್ತಾನೆ. ಮೊದಲು ಮೂಡುವವನು ಸೌಮ್ಯ, ಕರುಣಾಳು. ಅವನಿಗೆ ತಲೆ ತಿರುಗಿದಂತಾಗಿ ಮುಖ್ಯ ಎಂಜಿನಿಯರ್ ಸ್ಕಾಟ್ ಅವನನ್ನು ಕೋಣೆಯಿಂದ ಹೊರಗೆ ಕರೆದೊಯ್ಯುತ್ತಾನೆ. ಖಾಲಿ ಕೋಣೆಯಲ್ಲಿ ಎರಡನೆಯವನು ಮೂಡುತ್ತಾನೆ: ಅದೇ ದೇಹ, ಅದೇ ಮುಖ, ಆದರೆ ಬರೀ ಕಾಮ, ಕ್ರೋಧ, ಭಯ. ಅವನು ವೈದ್ಯ ಮೆಕಾಯ್‌ನನ್ನು ಗದರಿಸಿ ಬ್ರಾಂದಿ ಕಿತ್ತುಕೊಳ್ಳುತ್ತಾನೆ. ಕುಡಿದು ಸೀದಾ ತನ್ನ ಸಹಾಯಕಿ ಜಾನಿಸ್ ರ್ಯಾಂಡ್‌ಳ ಕೋಣೆಗೆ ಹೋಗಿ ಅವಳ ಮೇಲೆ ಎರಗುತ್ತಾನೆ. ಅವಳು ಅವನ ಕೆನ್ನೆ ಗೀರಿ ತಪ್ಪಿಸಿಕೊಳ್ಳಲು ಹೋರಾಡುತ್ತಾಳೆ.

ಇತ್ತ ಸೌಮ್ಯ ಕರ್ಕ್‌ನ ಸ್ಥಿತಿ ಬೇರೆ ಬಗೆಯಲ್ಲಿ ಕೆಡುತ್ತ ಹೋಗುತ್ತದೆ. ಒಳ್ಳೆಯತನವೆಲ್ಲ ಅವನಲ್ಲೇ ಉಳಿದಿದ್ದರೂ ಯಾವ ತೀರ್ಮಾನವನ್ನೂ ಅವನು ಕೈಗೊಳ್ಳಲಾರ. ಆಜ್ಞೆ ಕೊಡುವ ಛಲ ಇನ್ನೊಬ್ಬನ ಪಾಲಾಗಿದೆ. ಕೆಳಗೆ ಗ್ರಹದ ಮೇಲೆ ನೌಕೆಯ ಅಧಿಕಾರಿ ಸುಲು ಮತ್ತು ಅವನ ಸಂಗಡಿಗರು ಸಿಕ್ಕಿಬಿದ್ದಿದ್ದಾರೆ. ಅಲ್ಲಿ ರಾತ್ರಿಯಾದಂತೆ ಉಷ್ಣತೆ ಸೊನ್ನೆಗಿಂತ 120 ಡಿಗ್ರಿ ಕೆಳಗಿಳಿಯುತ್ತದೆ. ಕೆಟ್ಟ ಯಂತ್ರದಲ್ಲಿ ಅವರನ್ನು ಮೇಲೆ ತಂದರೆ ಒಬ್ಬೊಬ್ಬರೂ ಇಬ್ಬಿಬ್ಬರಾಗುತ್ತಾರೆ. ತರದಿದ್ದರೆ ಹೆಪ್ಪುಗಟ್ಟಿ ಸಾಯುತ್ತಾರೆ.

ನೋಡುಗರ ಪ್ರಶ್ನೆ ಇಲ್ಲೇ ಹುಟ್ಟುತ್ತದೆ. ಎಂಟರ್‌ಪ್ರೈಸ್‌ನ ಹೊಟ್ಟೆಯೊಳಗೆ ಷಟಲ್ ಎಂಬ ಪುಟ್ಟ ನೌಕೆಗಳಿವೆಯಲ್ಲ! ಒಂದನ್ನು ಕೆಳಗಿಳಿಸಿ ಸುಲುವನ್ನು ಕರೆತಂದರೆ ಕಥೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಸ್ಟಾರ್ ಟ್ರೆಕ್ ನೋಡಿದವರಲ್ಲಿ ಈ ಪ್ರಶ್ನೆ ಕೇಳದವರು ವಿರಳ. ಫಿಲ್ ಫರ‍್ಯಾಂಡ್ ಎಂಬ ಲೇಖಕ 1990ರ ದಶಕದಲ್ಲಿ ಈ ಧಾರಾವಾಹಿಗಳ ತಪ್ಪುಗಳನ್ನೇ ಕಂತು ಕಂತಾಗಿ ಪಟ್ಟಿ ಮಾಡಿ ಪುಸ್ತಕಗಳನ್ನು ಬರೆದರು, ಅವು ಚೆನ್ನಾಗಿ ಓದಿಸಿಕೊಂಡವು. ಇಂಥವರನ್ನು ಕುಹಕಿಗಳೆಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಒಂದು ಕಂತನ್ನು ಹತ್ತು ಸಲ ನೋಡಿದವನಿಗೆ ಮಾತ್ರ ಕಾಣುವ ತಪ್ಪುಗಳಿರುತ್ತವೆ. ಹತ್ತು ಸಲ ನೋಡಿಸುವುದು ಪ್ರೀತಿ.

ಷಟಲ್ ಏಕೆ ಬರಲಿಲ್ಲ ಎಂಬುದಕ್ಕೆ ನಿಜವಾದ ಉತ್ತರ ಕಥೆಯ ಹೊರಗಿದೆ. ಅದು ಇನ್ನೂ ತಯಾರಾಗಿರಲಿಲ್ಲ. ಧಾರಾವಾಹಿಯ ಸೃಷ್ಟಿಕರ್ತ ಜೀನ್ ರಾಡನ್‌ಬೆರಿ ಯೋಚನೆ ಶುರುಮಾಡಿದಾಗ ಎಂಟರ್‌ಪ್ರೈಸ್ ನೌಕೆಯನ್ನೇ ವಾರವಾರ ಹೊಸ ಗ್ರಹದ ಮೇಲೆ ಇಳಿಸಿ ತೋರಿಸುವುದು ದುಬಾರಿ, ನಿಧಾನ ಎಂಬುದು ಬೇಗ ಗೊತ್ತಾಯಿತು. ಪಾತ್ರಗಳನ್ನು ಕಥೆಯ ನಡುವಿಗೆ ತಟ್ಟನೆ ಇಳಿಸುವ, ಖರ್ಚೂ ಕಡಿಮೆಯಾಗುವ ಉಪಾಯವಾಗಿ ಟ್ರಾನ್ಸ್‌ಪೋರ್ಟರ್ ಬಂತು. ಮಿನುಗುವ ಬೆಳಕು, ಒಂದು ಸದ್ದು, ಮನುಷ್ಯ ಇಲ್ಲಿಂದ ಅಲ್ಲಿಗೆ. ಪೂರ್ಣಗಾತ್ರದ ಷಟಲನ್ನು ಕಟ್ಟಿಸುವ ಹಣ ಧಾರಾವಾಹಿಯ ಬಳಿ ಇರಲಿಲ್ಲ. ಕೊನೆಗೆ ಎಎಂಟಿ ಎಂಬ ಆಟಿಕೆ ಮಾದರಿಗಳ ಕಂಪನಿ, ಎಂಟರ್‌ಪ್ರೈಸ್‌ನ ಪುಟ್ಟ ಮಾದರಿಗಳನ್ನು ಮಾರುವ ಹಕ್ಕಿನ ಒಪ್ಪಂದದ ಭಾಗವಾಗಿ ಆ ಖರ್ಚನ್ನು ಹೊತ್ತುಕೊಂಡಿತು. ಷಟಲ್ ಪರದೆಯ ಮೇಲೆ ಕಾಣಿಸಿಕೊಂಡದ್ದು 1966ರ ನವೆಂಬರ್‌ನಲ್ಲಿ, ‘ದಿ ಮೆನಾಜರಿ’ ಕಂತಿನಲ್ಲಿ. ಕಥೆಯ ಕೇಂದ್ರದಲ್ಲೇ ಅದು ನಿಂತದ್ದು 1967ರ ಜನವರಿ 5ರಂದು ಬಂದ ‘ದಿ ಗೆಲಿಲಿಯೋ ಸೆವೆನ್’ನಲ್ಲಿ.

ಈ ತಾರೀಖುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಕುತೂಹಲದ ಸಂಗತಿಯೊಂದು ಹೊಳೆಯುತ್ತದೆ. ಅಕ್ಟೋಬರ್ 6ರ ರಾತ್ರಿ ಈ ಕಂತು ನೋಡಿದವರ ಪಾಲಿಗೆ ಅದರಲ್ಲಿ ಈ ತೂತು ಇರಲೇ ಇಲ್ಲ. ಅವರು ಷಟಲ್ ಎಂಬ ಹೆಸರನ್ನೇ ಕೇಳಿರಲಿಲ್ಲ. ಟ್ರಾನ್ಸ್‌ಪೋರ್ಟರ್ ಕೆಟ್ಟಿತೆಂದರೆ ಮೇಲಕ್ಕೂ ಕೆಳಕ್ಕೂ ದಾರಿ ಮುಚ್ಚಿತು ಎಂದೇ ಅವರು ನಂಬಿದ್ದರು; ಅವರ ನಂಬಿಕೆಯಲ್ಲಿ ಯಾವ ದೋಷವೂ ಇರಲಿಲ್ಲ. ತೂತು ಬಿದ್ದದ್ದು ಆಮೇಲೆ ಬಂದ ಬೇರೆ ಕಂತುಗಳಿಂದ, ಬೇರೆ ಲೇಖಕರ ಕೈಯಿಂದ. ಹಾಗಾದರೆ ಇದು ಯಾರ ತಪ್ಪು? ಮ್ಯಾಥೆಸನ್‌ರದ್ದಂತೂ ಅಲ್ಲ. ಧಾರಾವಾಹಿಗೆ ಒಬ್ಬ ಕರ್ತೃ ಇರುವುದಿಲ್ಲ. ಹಲವು ಲೇಖಕರು, ಸಂಪಾದಕರು, ನಿರ್ಮಾಪಕರು ವಾರವಾರದ ಗಡುವಿನಲ್ಲಿ ಕೈಗೂಡಿಸಿ ಕಟ್ಟುತ್ತಾರೆ. ಕಾದಂಬರಿಕಾರ ಮೂವತ್ತನೆಯ ಅಧ್ಯಾಯ ಬರೆಯುವಾಗ ಮೂರನೆಯ ಅಧ್ಯಾಯಕ್ಕೆ ಹಿಂದಿರುಗಿ ತಿದ್ದಬಲ್ಲ. ಆ ಕಾಲದ ಟೆಲಿವಿಷನ್‌ನಲ್ಲಿ ಪ್ರಸಾರವಾದದ್ದು ಕೈಬಿಟ್ಟು ಹೋದದ್ದೇ. ಬೇಸಿಗೆಯಲ್ಲಿ ಒಂದು ಮರುಪ್ರಸಾರ ಸಿಕ್ಕರೆ ಸಿಕ್ಕಿತು. ಮನೆಯಲ್ಲಿ ಧ್ವನಿಮುದ್ರಿಸಿ, ಚಿತ್ರಮುದ್ರಿಸಿ, ನಿಲ್ಲಿಸಿ, ಹಿಂದಕ್ಕೋಡಿಸಿ ನೋಡುವ ಕಾಲ ಮುಂದೆ ಬರಲಿದೆಯೆಂದು ಆ ಕಂತನ್ನು ಮಾಡಿದವರು ಎಣಿಸಿ ಕೆಲಸ ಮಾಡಿರಲಿಲ್ಲ. ಒಂದೇ ಸಲ ನೋಡುವವರಿಗಾಗಿ ಮಾಡಿದ್ದನ್ನು ನಾವು ನೂರು ಸಲ ನೋಡುವವರ ಕಣ್ಣಿನಿಂದ ತೂಗುತ್ತಿದ್ದೇವೆ. ಹಾಗೆ ತೂಗಬಾರದೆಂದಲ್ಲ. ತೂಗುವಾಗ ಕಂತಿನ ದೋಷ ಯಾವುದು, ಧಾರಾವಾಹಿಯ ದೋಷ ಯಾವುದು ಎಂದು ಬೇರ್ಪಡಿಸಿಕೊಳ್ಳಬೇಕು.

ಇನ್ನೊಂದು ವಿಷಯವೂ ಇದೆ. ಮ್ಯಾಥೆಸನ್ ಮೊದಲು ಬರೆದ ಕಥೆಯಲ್ಲಿ ಗ್ರಹದ ಮೇಲೆ ಚಳಿಯಲ್ಲಿ ಸಿಕ್ಕಿಬಿದ್ದವರ ಪ್ರಸಂಗವೇ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಒಬ್ಬನೇ ಮನುಷ್ಯ ಎರಡಾಗುವ ಕಥೆ, ಅಷ್ಟೆ. ಸುಲುವಿನ ಚಳಿಯನ್ನು ಧಾರಾವಾಹಿಯವರು ತಿದ್ದುವಾಗ ಸೇರಿಸಿದರು. ಮ್ಯಾಥೆಸನ್‌ಗೆ ಅದು ಹಿಡಿಸಲಿಲ್ಲ. ಲೇಖಕರ ಮೇಲೆ ನನಗೆ ಗೌರವವಿದ್ದರೂ ಈ ಜಗಳದಲ್ಲಿ ನಾನು ಸೇರಿಸಿದವರ ಪಕ್ಷ. ಚಳಿಯ ಪ್ರಸಂಗ ತೆಗೆದುಬಿಡಿ, ಏನು ಉಳಿಯುತ್ತದೆ? ಸೌಮ್ಯ ಕರ್ಕ್ ತೀರ್ಮಾನ ಮಾಡಲಾರ ಎಂದು ಪಾತ್ರಗಳು ಬಾಯಲ್ಲಿ ಹೇಳಬೇಕಾಗುತ್ತದೆ. ಪ್ರಸಂಗ ಇರುವುದರಿಂದ ಅದು ಹೇಳುವ ಮಾತಾಗದೆ ಕಾಣುವ ಸಂಕಟವಾಗುತ್ತದೆ. ಪ್ರತಿ ಸಲ ಸುಲುವಿನ ದನಿ ರೇಡಿಯೋದಲ್ಲಿ ಬಂದಾಗಲೂ ಅದು ಇನ್ನಷ್ಟು ಕ್ಷೀಣವಾಗಿರುತ್ತದೆ. ಪ್ರತಿ ಸಲವೂ ಕರ್ಕ್ ಉತ್ತರಿಸಲು ತಡವರಿಸುತ್ತಾನೆ. ಪ್ರಯೋಗಕ್ಕೆಂದು ಎರಡಾದ ಪ್ರಾಣಿಯೊಂದನ್ನು ಯಂತ್ರದಲ್ಲಿ ಒಂದುಗೂಡಿಸಿದರೆ ಅದು ಸತ್ತು ಹೊರಬರುತ್ತದೆ. ಅದೇ ಯಂತ್ರಕ್ಕೆ ತಾನೂ ಹೋಗಬೇಕೇ, ಕಾಯಬೇಕೇ? ಕಾಯುವುದೆಂದರೆ ಕೆಳಗಿರುವವರನ್ನು ಸಾಯಿಸುವುದು. ತೀರ್ಮಾನಿಸಲಾಗದ ಮನುಷ್ಯನ ನೋವು ನಮಗೆ ತಟ್ಟುವುದು ಆ ಗಡುವಿನಿಂದ. ಹೀಗೆ ಕಂತಿನ ಅತಿ ದೊಡ್ಡ ಬಲವೂ ಅದರ ಪ್ರಸಿದ್ಧ ದೋಷವೂ ಒಂದೇ ತಿದ್ದುಪಡಿಯಿಂದ ಹುಟ್ಟಿದವು. ಷಟಲ್ ಪ್ರಶ್ನೆಗೆ ಹೆದರಿ ಅದನ್ನು ಕೈಬಿಟ್ಟಿದ್ದರೆ ತರ್ಕ ಉಳಿಯುತ್ತಿತ್ತು, ಕಥೆ ಸೊರಗುತ್ತಿತ್ತು.

ಇದಕ್ಕೆ ಹೋಲಿಸಿದರೆ ಉಳಿದ ಕೆಲವು ತಪ್ಪುಗಳು ಹೆಸರಿಸಿ ಮುಂದೆ ಸಾಗುವಂಥವು. ರ್ಯಾಂಡ್ ಗೀರಿದ ಗುರುತು ಕೆಲವು ಶಾಟ್‌ಗಳಲ್ಲಿ ಕರ್ಕ್‌ನ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಹಾರುತ್ತದೆ. ಸಂಕಲನದಲ್ಲಿ ಶಾಟನ್ನು ಎಡಬಲ ತಿರುಗಿಸಿ ಜೋಡಿಸಿದರೆ ಆಗುವುದು ಇದೇ. ಕೆಲವು ದೃಶ್ಯಗಳಲ್ಲಿ ಅವನ ಅಂಗಿಯ ಎದೆಯ ಮೇಲಿನ ಲಾಂಛನವೇ ಇಲ್ಲ. ಪಾತ್ರವೊಂದು ಒಂದು ಬಾಗಿಲಿನಿಂದ ಹೊರಟು ಇನ್ನೊಂದು ಬಾಗಿಲಿಗೆ ತಲುಪುವ ದೃಶ್ಯ ಎರಡು ಬೇರೆ ಬೇರೆ ದಿನ ಚಿತ್ರೀಕರಣವಾಗಿರುತ್ತದೆ. ಬಟ್ಟೆ, ಕೂದಲು, ಗಾಯ, ಲೋಟದಲ್ಲಿನ ನೀರಿನ ಮಟ್ಟ ಎಲ್ಲವನ್ನೂ ಬರೆದಿಟ್ಟುಕೊಂಡು ಹೊಂದಿಸುವ ಕಂಟಿನ್ಯುಟಿ ಕೆಲಸ ಎಷ್ಟು ಕಷ್ಟದ್ದೆಂದು ಸೆಟ್‌ನಲ್ಲಿ ನಿಂತವರಿಗೆ ಗೊತ್ತು. ಒಂದು ಕಂತಿಗೆ ಸುಮಾರು ಆರು ದಿನದ ಶೂಟಿಂಗ್ ಸಿಗುತ್ತಿದ್ದ ಕಾಲದಲ್ಲಿ, ಒಬ್ಬ ನಟನೇ ಇಬ್ಬರಾಗಿ ನಿಲ್ಲಬೇಕಾದಾಗ, ಒಂದು ಲಾಂಛನ ಮರೆತದ್ದಕ್ಕೆ ನಾನು ಯಾರ ಮೇಲೂ ಮುನಿಸಿಕೊಳ್ಳಲಾರೆ. ಎರಡು ವಾರ ಹಿಂದಷ್ಟೇ ಪ್ರಸಾರವಾಗಿದ್ದ ಕಂತೊಂದರಲ್ಲಿ ಸಮಾಧಿಗಲ್ಲಿನ ಮೇಲೆ ಕರ್ಕ್‌ನ ಹೆಸರಿನ ನಡುವಿನ ಅಕ್ಷರವೇ ಬೇರೆ ಇತ್ತು. ಇವು ಯಾವುದರ ಮೇಲೂ ಕಥೆಯ ಭಾರ ಕೂತಿಲ್ಲ.

ಭಾರ ಕೂತಿರುವ, ಆದರೂ ಷಟಲ್‌ನಷ್ಟು ಹೆಸರಾಗದ ತೂತೊಂದು ಒಳಗೇ ಇದೆ. ಟ್ರಾನ್ಸ್‌ಪೋರ್ಟರ್ ಕೆಟ್ಟಿದ್ದರೂ ಸಾಮಾನುಗಳನ್ನು ಕೆಳಗೆ ಕಳಿಸುತ್ತದೆ. ಚಳಿ ಕಾಯಿಸುವ ಹೀಟರ್‌ಗಳನ್ನು ಕಳಿಸಿದರೆ ಅವು ಎರಡೆರಡಾಗಿ ಕೆಳಗೆ ತಲುಪಿದವು, ಕೆಲಸ ಮಾಡಲಿಲ್ಲ ಎನ್ನುತ್ತಾರೆ. ಸರಿ. ಹಾಗಾದರೆ ಒಳಗೆ ಯಂತ್ರವೇ ಇಲ್ಲದ ವಸ್ತುಗಳನ್ನು ಕಳಿಸಬಹುದಿತ್ತಲ್ಲ? ದಪ್ಪ ಕಂಬಳಿ, ಗುಡಾರ, ಉರುವಲು? ಎರಡೆರಡಾದರೆ ಒಳ್ಳೆಯದೇ ಆಯಿತು. ಈ ಪ್ರಶ್ನೆಗೆ ನವೆಂಬರ್‌ನ ಯಾವ ಕಂತನ್ನೂ ದೂರುವಂತಿಲ್ಲ. ಅಕ್ಟೋಬರ್ 6ರ ರಾತ್ರಿಯೇ, ಆ ದೃಶ್ಯ ಬಂದ ಕ್ಷಣದಲ್ಲೇ ಕೇಳಬಹುದಾದ ಪ್ರಶ್ನೆ ಅದು. ಸ್ವಾರಸ್ಯವೆಂದರೆ ಕಥೆ ತಾನೇ ಇದರ ಅಂಚಿಗೆ ಬಂದು ನಿಲ್ಲುತ್ತದೆ. ಸುಲು ಚಳಿಯಲ್ಲಿ ನಡುಗುತ್ತಲೇ, ಒಂದು ಉದ್ದದ ಹಗ್ಗ ಸಿಕ್ಕರೆ ಬಿಸಿ ಕಾಫಿ ತುಂಬಿದ ಪಾತ್ರೆಯನ್ನು ಇಳಿಬಿಡಿ ಎಂದು ಕರ್ಕ್‌ಗೆ ತಮಾಷೆ ಮಾಡುತ್ತಾನೆ. ಸಾಯುವ ಭಯದಲ್ಲಿರುವವನ ಧೈರ್ಯ ಆ ಮಾತಿನಲ್ಲಿದೆ, ಸುಲು ಪಾತ್ರಧಾರಿ ಜಾರ್ಜ್ ಟಕೇಯಿ ಅದನ್ನು ಚೆನ್ನಾಗಿ ಆಡುತ್ತಾರೆ. ಆದರೆ ಆ ಮಾತೇ ನೋಡುಗನಿಗೆ ದಾರಿ ತೋರುತ್ತದೆ: ಹೌದಲ್ಲ, ಕೆಳಗೆ ಏನಾದರೂ ಇಳಿಸಲು ಬೇರೆ ಉಪಾಯವೇ ಇಲ್ಲವೇ?

ಬಾಯಿಮಾತಿನಲ್ಲೇ ಇಂಥ ತೂತು ಮುಚ್ಚಬಹುದು. ಇದೇ ಕಂತಿನಲ್ಲಿ ಒಂದು ಕಡೆ ಹಾಗೆ ಮುಚ್ಚಿಯೂ ಇದ್ದಾರೆ. ತಲೆ ತಿರುಗಿದ ಕರ್ಕ್‌ನನ್ನು ಸ್ಕಾಟ್ ಹೊರಗೆ ಕರೆದೊಯ್ಯುವಾಗ ಟ್ರಾನ್ಸ್‌ಪೋರ್ಟರ್ ಕೋಣೆಯನ್ನು ಕಾವಲಿಲ್ಲದೆ ಬಿಡಬಾರದೆಂದು ಕರ್ಕ್ ಹೇಳುತ್ತಾನೆ, ವಿಲ್ಸನ್ ಈಗ ಬಂದೇಬಿಡುತ್ತಾನೆ ಎಂದು ಸ್ಕಾಟ್ ಸಮಾಧಾನ ಹೇಳುತ್ತಾನೆ. ಅಷ್ಟೇ. ಇಷ್ಟು ಮುಖ್ಯವಾದ ಕೋಣೆ ಖಾಲಿ ಏಕಿತ್ತು ಎಂಬ ಪ್ರಶ್ನೆ ಏಳುವ ಮುಂಚೆಯೇ ಅಡಗುತ್ತದೆ. ಆ ವಿಲ್ಸನ್ ಮುಂದೆ ನಿಜವಾಗಿ ಬರುತ್ತಾನೆ, ಕೆಟ್ಟ ಕರ್ಕ್‌ನಿಂದ ಹೊಡೆತ ತಿಂದು ಆಯುಧ ಕಳೆದುಕೊಳ್ಳುತ್ತಾನೆ. ತೇಪೆ ಹಾಕಲು ತಂದ ಹೆಸರನ್ನೇ ಕಥೆಗೆ ದುಡಿಸಿಕೊಂಡಿದ್ದಾರೆ. ಬರಹಗಾರರ ಈ ಜಾಣ್ಮೆ ನನಗೆ ತುಂಬ ಇಷ್ಟ. ಕಂಬಳಿಯ ವಿಷಯದಲ್ಲೂ ಹೀಗೆ ಒಂದು ಮಾತು ಬರೆಯಬಹುದಿತ್ತು.

ಆದರೂ ಹೀಟರ್‌ಗಳ ಸಂಗತಿಯನ್ನು ನಾನು ಬೇರೆ ರೀತಿಯಲ್ಲೂ ಓದುತ್ತೇನೆ. ಯಂತ್ರದಿಂದ ಹೊರಬಂದ ಎರಡು ಹೀಟರ್‌ಗಳಲ್ಲಿ ಯಾವುದೂ ಪೂರ್ಣವಲ್ಲ, ಎರಡರಲ್ಲಿ ಯಾವುದೂ ಕಾಯುವುದಿಲ್ಲ. ಎರಡು ಕರ್ಕ್‌ಗಳ ಪಾಡೂ ಅದೇ. ಒಬ್ಬನಲ್ಲಿ ಕರುಣೆಯಿದೆ, ಕಸುವಿಲ್ಲ. ಇನ್ನೊಬ್ಬನಲ್ಲಿ ಕಸುವಿದೆ, ವಿವೇಕವಿಲ್ಲ. ನಾಯಕನಾಗಿ ಇಬ್ಬರೂ ಕೆಲಸಕ್ಕೆ ಬಾರದವರು. ಇಂಥ ಕಡೆ ಕಥೆಯ ಭಾವವೇ ತರ್ಕದ ಬಿರುಕನ್ನು ತುಂಬುತ್ತದೆ. ಆನಂದವರ್ಧನ ಒಂಬತ್ತನೆಯ ಶತಮಾನದಲ್ಲಿ ‘ಧ್ವನ್ಯಾಲೋಕ’ದಲ್ಲಿ ಹೇಳಿದ್ದು ನನಗೆ ಇಲ್ಲಿ ನೆನಪಾಗುತ್ತದೆ. ಕವಿಗೆ ತಿಳಿವಳಿಕೆ ಸಾಲದೆ ಆದ ದೋಷವನ್ನು ಅವನ ಪ್ರತಿಭೆ ಮರೆಮಾಡಬಲ್ಲದು, ಪ್ರತಿಭೆಯೇ ಸಾಲದೆ ಆದ ದೋಷ ಮಾತ್ರ ಥಟ್ಟನೆ ಎದ್ದು ಕಾಣುತ್ತದೆ ಎಂಬುದು ಅವನ ಅಭಿಪ್ರಾಯ. ಅದೇ ಶತಮಾನದ ನಮ್ಮ ‘ಕವಿರಾಜಮಾರ್ಗ’ವೂ ತನ್ನ ಮೊದಲ ಪರಿಚ್ಛೇದವನ್ನು ದೋಷ ಯಾವುದು, ದೋಷವಲ್ಲದ್ದು ಯಾವುದು ಎಂಬ ವಿಚಾರಕ್ಕೇ ಮೀಸಲಿಟ್ಟಿದೆ. ದೋಷಗಳನ್ನು ಎಣಿಸುವುದಕ್ಕಿಂತ ತೂಗುವುದು ಮುಖ್ಯ ಎಂಬ ವಿವೇಕ ನಮ್ಮ ಕಾವ್ಯಮೀಮಾಂಸೆಗೆ ಹೊಸತಲ್ಲ.

ಹಾಗೆಂದು ‘ಕಥೆಯಲ್ಲಿ ತರ್ಕ ಹುಡುಕಬೇಡಿ’ ಎನ್ನುವವರ ಜೊತೆ ನಾನಿಲ್ಲ. ಬೇರೆ ಕಥೆಗಳ ವಿಷಯ ಹೇಗೋ, ವಿಜ್ಞಾನ ಕಥೆಗೆ ಆ ರಿಯಾಯಿತಿ ಸಲ್ಲದು. ಎಚ್. ಜಿ. ವೆಲ್ಸ್ 1934ರಲ್ಲಿ ತಮ್ಮ ಕಾದಂಬರಿಗಳ ಸಂಪುಟವೊಂದಕ್ಕೆ ಬರೆದ ಮುನ್ನುಡಿಯಲ್ಲಿ ಇದನ್ನು ಸ್ಪಷ್ಟವಾಗಿ ವಿವರಿಸಿದ್ದಾರೆ. ಓದುಗನಿಂದ ಒಂದೇ ಒಂದು ಅಸಂಭವವನ್ನು ಒಪ್ಪಿಸಿಕೊಳ್ಳಬೇಕು, ಉಳಿದದ್ದೆಲ್ಲ ನಮ್ಮ ಬದುಕಿನಂತೆಯೇ ಸಾಗಬೇಕು. ಏನು ಬೇಕಾದರೂ ಆಗಬಹುದಾದ ಕಡೆ ಯಾವುದರ ಬಗ್ಗೆಯೂ ಆಸಕ್ತಿ ಉಳಿಯುವುದಿಲ್ಲ ಎಂಬುದು ಅವರ ಮಾತಿನ ಸಾರ. ಒಂದು ಯಂತ್ರ ಮನುಷ್ಯನ ಒಳಿತು ಕೆಡುಕುಗಳನ್ನು ಬೇರ್ಪಡಿಸಿ ಎರಡು ದೇಹಗಳಿಗೆ ಹಂಚುತ್ತದೆ ಎನ್ನುವುದು ಭೌತವಿಜ್ಞಾನಕ್ಕೆ ಒಗ್ಗದ ಮಾತು. ಎರಡನೆಯ ದೇಹಕ್ಕೆ ಬೇಕಾದ ರಕ್ತಮಾಂಸ ಎಲ್ಲಿಂದ ಬಂತು ಎಂದು ಯಾರೂ ವಿವರಿಸುವುದಿಲ್ಲ. ಅದನ್ನು ನಾನು ತೂತೆಂದು ಕರೆಯುವುದಿಲ್ಲ. ಅದು ಕಥೆ ನಮ್ಮಿಂದ ಕೇಳಿಕೊಂಡ ಒಂದು ಅಸಂಭವ, ನಾವು ಕೊಟ್ಟಿದ್ದೇವೆ. ಕೊಟ್ಟ ಮೇಲೆ ಕೇಳುವ ಹಕ್ಕು ನಮ್ಮದು: ಈ ಒಂದನ್ನು ಒಪ್ಪಿದರೆ ಮುಂದೆ ಏನೇನು ಆಗಬೇಕೋ ಅದನ್ನೆಲ್ಲ ಕಥೆ ಪ್ರಾಮಾಣಿಕವಾಗಿ ತೋರಿಸಿತೇ?

ನೋಡುಗರು ಉದಾರಿಗಳು ಎಂಬುದನ್ನೂ ಹೇಳಬೇಕು. ಕಾನನ್ ಡಾಯ್ಲ್ ಒಂದು ಕಾದಂಬರಿಯಲ್ಲಿ ವಾಟ್ಸನ್‌ನ ಭುಜಕ್ಕೆ ಗುಂಡು ತಗಲಿಸಿ, ಮೂರು ವರ್ಷದ ನಂತರದ ಕಾದಂಬರಿಯಲ್ಲಿ ಅದನ್ನು ಕಾಲಿಗೆ ಇಳಿಸಿದಾಗ, ಓದುಗರು ಎರಡೂ ಸರಿಯಾಗುವಂಥ ವಿವರಣೆಗಳನ್ನು ತಾವೇ ಹೆಣೆದರು. ಸ್ಟಾರ್ ಟ್ರೆಕ್‌ನಲ್ಲೂ ಹಾಗೆಯೇ. 1982ರ ಚಲನಚಿತ್ರದಲ್ಲಿ ಖಳನಾಯಕ ಖಾನ್, ಎಂಟರ್‌ಪ್ರೈಸ್‌ನ ಸಿಬ್ಬಂದಿಯಾಗಿದ್ದ ಚೆಕಾವ್‌ನ ಮುಖ ಕಂಡೊಡನೆ ಗುರುತಿಸುತ್ತಾನೆ. ಖಾನ್ ಎಂಟರ್‌ಪ್ರೈಸ್‌ಗೆ ಬಂದಿದ್ದ 1967ರ ಫೆಬ್ರವರಿಯ ಕಂತಿನಲ್ಲಿ ಚೆಕಾವ್ ಪಾತ್ರವೇ ಇನ್ನೂ ಹುಟ್ಟಿರಲಿಲ್ಲ. ಆಗ ಅವನು ನೌಕೆಯ ಬೇರೆ ಯಾವುದೋ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಿರಬೇಕು ಎಂದು ಅಭಿಮಾನಿಗಳು ಒಪ್ಪಿಕೊಂಡು ಮುಂದೆ ಹೋದರು. ಆ ಗುರುತಿಸುವ ದೃಶ್ಯದ ಬಲ ಹಾಗಿದೆ, ತಾರೀಖು ನೋಡುವ ಮನಸ್ಸೇ ಆಗುವುದಿಲ್ಲ. ಷಟಲ್ ಬಗ್ಗೆಯೂ ಇಂಥ ವಿವರಣೆ ಕಟ್ಟಿಕೊಳ್ಳಬಹುದು: ಆ ಹೊತ್ತಿಗೆ ಷಟಲ್‌ಗಳು ದುರಸ್ತಿಯಲ್ಲಿದ್ದವು, ಗ್ರಹದ ವಾತಾವರಣ ಹಾರಾಟಕ್ಕೆ ಒಗ್ಗುತ್ತಿರಲಿಲ್ಲ. ಯಾವ ಪಾತ್ರದ ಸ್ವಭಾವವೂ ಅದರಿಂದ ಕೆಡುವುದಿಲ್ಲ.

ಹೊರಗಿನಿಂದ ಯಾವ ವಿವರಣೆ ತಂದರೂ ಮುಚ್ಚಲಾಗದ್ದು ಮಾತ್ರ ಕಥೆಯ ನಿಜವಾದ ತೂತು. ಅದು ರ್ಯಾಂಡ್‌ಗೆ ಸಂಬಂಧಿಸಿದ್ದು.

ಹಲ್ಲೆಯ ನಂತರದ ದೃಶ್ಯವನ್ನು ಗಮನಿಸಿ. ರ್ಯಾಂಡ್ ಅಳುತ್ತ ನಡೆದದ್ದನ್ನು ಹೇಳುತ್ತಿದ್ದಾಳೆ. ಎದುರಿಗೆ ಮೆಕಾಯ್, ನೌಕೆಯ ಉಪನಾಯಕ ಸ್ಪಾಕ್, ಮತ್ತು ಸ್ವತಃ ಕರ್ಕ್. ಹಲ್ಲೆ ಮಾಡಿದವನದೇ ಮುಖ ಹೊತ್ತವನು, ಅವಳ ಮೇಲಧಿಕಾರಿ, ಅವಳ ಹೇಳಿಕೆ ಕೇಳುವವರಲ್ಲಿ ಒಬ್ಬನಾಗಿ ನಿಂತಿದ್ದಾನೆ. ನಿಮ್ಮನ್ನು ತೊಂದರೆಗೆ ಸಿಲುಕಿಸಲು ನನಗೆ ಇಷ್ಟವಿಲ್ಲ, ಫಿಶರ್ ಕೂಡ ನೋಡದೇ ಇದ್ದಿದ್ದರೆ ನಾನು ಬಾಯಿಬಿಡುತ್ತಲೇ ಇರಲಿಲ್ಲ ಎಂಬ ಅರ್ಥದ ಮಾತನ್ನು ಅವಳು ಆಡುತ್ತಾಳೆ. ಗ್ರೇಸ್ ಲೀ ವಿಟ್ನಿ ಎಂಬ ನಟಿ ಇದನ್ನು ಅಭಿನಯಿಸಿರುವ ರೀತಿ ಎದೆ ಕಲಕುತ್ತದೆ. 1966ರ ಟೆಲಿವಿಷನ್‌ಗೆ, ಅಧಿಕಾರದಲ್ಲಿರುವವನ ವಿರುದ್ಧ ದೂರು ಕೊಡುವ ಹೆಣ್ಣಿನ ಭಯ ಎಂಥದೆಂದು ಇಷ್ಟು ನಿಖರವಾಗಿ ತಿಳಿದಿತ್ತೆಂಬುದೇ ಆಶ್ಚರ್ಯ. ತನ್ನ ನೋವಿಗಿಂತ ಮುಂಚೆ ಅವನ ಹುದ್ದೆ ಅವಳ ಮನಸ್ಸಿಗೆ ಬರುತ್ತದೆ. ಸೌಮ್ಯ ಕರ್ಕ್ ಅದು ನಾನಲ್ಲ ಎನ್ನುತ್ತಾನೆ. ಆ ಹೊತ್ತಿಗೆ ಅವನಿಗೆ ತಿಳಿದಿರುವಷ್ಟರಲ್ಲಿ ಅದು ಸುಳ್ಳೇನಲ್ಲ.

ಮುಂದೆ ಕಥೆ ಏನನ್ನು ಸ್ಥಾಪಿಸುತ್ತದೆ? ಹಲ್ಲೆ ಮಾಡಿದವನು ವೇಷಧಾರಿಯಲ್ಲ, ಕರ್ಕ್‌ನೇ ಎಂದು. ಮೆಕಾಯ್ ಅದನ್ನು ಬಿಡಿಸಿ ಹೇಳುತ್ತಾನೆ: ನಮ್ಮೆಲ್ಲರೊಳಗೂ ಇಂಥ ಒಂದು ಭಾಗವಿದೆ, ಅದಿಲ್ಲದೆ ಮನುಷ್ಯ ಪೂರ್ಣನಲ್ಲ. ಸ್ಪಾಕ್ ತನ್ನೊಳಗಿನ ಮಾನವ ಮತ್ತು ಅನ್ಯಗ್ರಹದ ಅಂಶಗಳ ತಿಕ್ಕಾಟವನ್ನು ನೆನೆದು ಗಂಭೀರವಾಗಿ ಮಾತನಾಡುತ್ತಾನೆ. ಕರ್ಕ್ ಕೊನೆಗೆ ತನ್ನ ಕೆಟ್ಟ ಅರ್ಧವನ್ನು ತೋಳಿನಲ್ಲಿ ಹಿಡಿದುಕೊಂಡು ಯಂತ್ರದೊಳಗೆ ಹೋಗಿ ಒಬ್ಬನಾಗಿ ಹೊರಬರುತ್ತಾನೆ. ಇಷ್ಟೂ ಒಳ್ಳೆಯ ಬರವಣಿಗೆ. ನಾವು ಒಪ್ಪಿಕೊಂಡ ಅಸಂಭವದಿಂದ ನ್ಯಾಯವಾಗಿ ಬೆಳೆದದ್ದು. ಹಾಗಾದರೆ ಆ ನಿಯಮದ ಪ್ರಕಾರ ಈಗ ಹೊರಬಂದ ಕರ್ಕ್ ಯಾರು? ರ್ಯಾಂಡ್‌ಳ ಕೋಣೆಗೆ ನುಗ್ಗಿದವನೂ ಅವನೇ. ಆ ಕೈ ಅವನದು, ಆ ಕೃತ್ಯ ಅವನ ಲೆಕ್ಕದ್ದು. ಕಥೆ ತಾನು ಹಾಕಿಕೊಂಡ ನಿಯಮಕ್ಕೆ ಬದ್ಧವಾಗಿದ್ದರೆ ಅವನು ಮೊದಲು ಹೋಗಬೇಕಾದದ್ದು ಅವಳ ಬಳಿಗೆ.

ಅಂಥದ್ದೇನೂ ಆಗುವುದಿಲ್ಲ. ನಿಜ ತಿಳಿದರೆ ಸಿಬ್ಬಂದಿಗೆ ನಾಯಕನ ಮೇಲಿನ ನಂಬಿಕೆ ಹೋಗುತ್ತದೆಂದು ನಡುವೆ ಹರಡಿದ್ದ ‘ವೇಷಧಾರಿ’ ಎಂಬ ಸುಳ್ಳು ಕೊನೆಯವರೆಗೂ ಹಾಗೇ ಉಳಿಯುತ್ತದೆ. ತಾನು ಯಾರೂ ನೋಡಬಾರದಂಥ ತನ್ನದೇ ಒಂದು ಭಾಗವನ್ನು ನೋಡಿದೆ ಎಂದು ಕರ್ಕ್ ಹೇಳಿಕೊಳ್ಳುತ್ತಾನೆ. ತನಗಾದ ಗಾಯದ ಬಗ್ಗೆ ಅವನಿಗೆ ಮಾತಿದೆ, ತಾನು ಮಾಡಿದ ಗಾಯದ ಬಗ್ಗೆ ಇಲ್ಲ. ಆ ವೇಷಧಾರಿ ನಿಜವಾಗಿ ಯಾರೆಂದು ತನಗೆ ತಿಳಿದಿದೆ ಎಂದು ಏನೋ ಹೇಳಲು ಬಂದ ರ್ಯಾಂಡ್‌ಳ ಮಾತು ಪೂರ್ತಿಯಾಗುವ ಮುನ್ನವೇ ಕರ್ಕ್ ಅದನ್ನು ಒಂದು ಧನ್ಯವಾದದಲ್ಲಿ ಮುಗಿಸುತ್ತಾನೆ. ಆಮೇಲೆ ಸ್ಪಾಕ್ ಅವಳತ್ತ ತಿರುಗಿ, ಆ ವೇಷಧಾರಿಯಲ್ಲಿ ಕೆಲವು ಆಸಕ್ತಿಕರ ಗುಣಗಳಿದ್ದವು, ಅಲ್ಲವೇ ಎನ್ನುವಂಥ ಮಾತೊಂದನ್ನು ಆಡುತ್ತಾನೆ. ಅವನ ತುಟಿಯಂಚಿನಲ್ಲಿ ಸಣ್ಣ ನಗುವಿದೆ.

ಅದು ಆಗಿನ ಕಾಲದ ರೀತಿ, ಇಂದಿನ ಅಳತೆಗೋಲು ಹಿಡಿಯಬೇಡಿ ಎಂದು ಸಮಾಧಾನ ಹೇಳುವವರಿಗೆ ನನ್ನ ಉತ್ತರ ಸರಳ. ನಾನು ಹಿಡಿಯುತ್ತಿರುವ ಅಳತೆಗೋಲು ಆ ಕಂತೇ ಕೊಟ್ಟದ್ದು. ಅರ್ಧ ಗಂಟೆ ಮುಂಚೆ ಅಳುವ ರ್ಯಾಂಡ್‌ಳನ್ನು ಅಷ್ಟು ಗಂಭೀರವಾಗಿ ತೋರಿಸಿದವರು ಯಾರು? ಆ ಅಳುವನ್ನು ಅದೇ ಕೋಣೆಯಲ್ಲಿ ನಿಂತು ಕೇಳಿದವನು ಸ್ಪಾಕ್. ಭಾವೋದ್ವೇಗಕ್ಕೆ ಜಾಗ ಕೊಡದ, ಯಾರ ಘನತೆಗೂ ಕುಂದು ತಾರದ ಪಾತ್ರವಾಗಿ ಅವನನ್ನು ಕಟ್ಟಿದ್ದಾರೆ. ಬಂದೂಕಿನ ಹಿಡಿಯಿಂದ ಕೆಟ್ಟ ಕರ್ಕ್‌ನ ತಲೆಗೆ ಹೊಡೆಯುವುದು ಸ್ಪಾಕ್‌ಗೆ ಹೊಂದುವುದಿಲ್ಲವೆಂದು ನಟ ಲೆನರ್ಡ್ ನಿಮೋಯ್ ಇದೇ ಕಂತಿನ ಚಿತ್ರೀಕರಣದಲ್ಲಿ ಆಕ್ಷೇಪಿಸಿದರು. ಹೆಗಲ ನರ ಒತ್ತಿ ಪ್ರಜ್ಞೆ ತಪ್ಪಿಸುವ, ಮುಂದೆ ಜಗತ್ಪ್ರಸಿದ್ಧವಾದ ಆ ಸೌಮ್ಯ ಪಟ್ಟು ಹುಟ್ಟಿದ್ದು ಹಾಗೆ. ಒಂದು ಹೊಡೆತ ಸ್ಪಾಕ್‌ನ ಸ್ವಭಾವಕ್ಕೆ ಸಲ್ಲದೆಂದು ಸೆಟ್‌ನಲ್ಲಿ ನಿಂತು ಚರ್ಚಿಸಿ ಬದಲಾಯಿಸಿದ ಕಂತಿನಲ್ಲೇ ಈ ಮಾತು ಸಲ್ಲದೆಂದು ಯಾರಿಗೂ ಅನ್ನಿಸಲಿಲ್ಲ. ಕೆನ್ನೆ ಬದಲಿಸಿದ ಗೀರು ಕಂಟಿನ್ಯುಟಿಯ ತಪ್ಪಾದರೆ ಇದೂ ಕಂಟಿನ್ಯುಟಿಯ ತಪ್ಪು, ಮತ್ತು ಅದಕ್ಕಿಂತ ಬಹಳ ಭಾರದ್ದು. ಅನೌಚಿತ್ಯಕ್ಕಿಂತ ರಸಭಂಗಕ್ಕೆ ಬೇರೆ ಕಾರಣವೇ ಇಲ್ಲ ಎಂದು ಆನಂದವರ್ಧನ ಹೇಳಿದ್ದು ಇಂಥದ್ದಕ್ಕೆ ನೇರವಾಗಿ ಅನ್ವಯಿಸುತ್ತದೆ. ಷಟಲ್ ಇಲ್ಲದ್ದು ನನ್ನ ಬುದ್ಧಿಗೆ ಚುಚ್ಚುತ್ತದೆ, ಕಥೆ ಮಾತ್ರ ನನ್ನನ್ನು ಬಿಡದೆ ಹಿಡಿದಿರುತ್ತದೆ. ಸ್ಪಾಕ್‌ನ ಆ ಒಂದು ಮಾತಿಗೆ ಅಲ್ಲಿಯವರೆಗೆ ಕಟ್ಟಿದ ಕಥೆಯೆಲ್ಲ ಕುಸಿಯುತ್ತದೆ.

ವಿಟ್ನಿ 1998ರಲ್ಲಿ ಹೊರತಂದ ತಮ್ಮ ಆತ್ಮಕಥೆಯಲ್ಲಿ ಈ ಮಾತನ್ನು ಕಟುವಾಗಿ ಖಂಡಿಸಿದ್ದಾರೆ. ಧಾರಾವಾಹಿಗೆ ಸಂಬಂಧಿಸಿದ ಅಧಿಕಾರಿಯೊಬ್ಬ ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದನೆಂದೂ ಅವರು ಅದರಲ್ಲಿ ಬರೆದರು. ಅವನ ಹೆಸರು ಹೇಳಲಿಲ್ಲ. 1966 ಮುಗಿಯುವ ಮುಂಚೆಯೇ, ಎಂಟು ಕಂತುಗಳಲ್ಲಿ ಕಾಣಿಸಿಕೊಂಡ ಮೇಲೆ, ಅವರನ್ನು ಧಾರಾವಾಹಿಯಿಂದ ಬಿಡಲಾಯಿತು. ರ್ಯಾಂಡ್ ಪಾತ್ರ ನೌಕೆಯಿಂದ ಕಾಣೆಯಾಯಿತು. 1979ರ ಚಲನಚಿತ್ರದಲ್ಲಿ ಅವರು ಅದೇ ಪಾತ್ರವಾಗಿ ಮರಳಿದ್ದು ನಿಜ, ಆದರೆ ಅದು ಹದಿಮೂರು ವರ್ಷದ ನಂತರದ ಮಾತು. ತಪ್ಪುಗಳ ಪಟ್ಟಿ ಮಾಡುವವರು ಈ ಕಣ್ಮರೆಯನ್ನು ಏಕೆ ಮೊದಲ ಸಾಲಿಗೆ ತರುವುದಿಲ್ಲ? ಒಂದು ಷಟಲ್ ಇರಬೇಕಾದ ಕಡೆ ಇಲ್ಲವೆಂದು ಕೇಳುವವರು, ಒಬ್ಬ ಹೆಣ್ಣುಮಗಳು ಇರಬೇಕಾದ ಕಡೆ ಇಲ್ಲವೆಂದೂ ಅಷ್ಟೇ ಗಟ್ಟಿಯಾಗಿ ಕೇಳಬೇಕು.

ತಯಾರಕರಿಗೆ ಇಂಥ ಲೋಪ ತುಂಬಿಕೊಳ್ಳುವುದು ಗೊತ್ತಿಲ್ಲವೆಂದಲ್ಲ. ಕ್ಲಿಂಗನ್ ಎಂಬ ಅನ್ಯಗ್ರಹದವರ ಹಣೆ 1960ರ ದಶಕದಲ್ಲಿ ನುಣುಪಾಗಿತ್ತು, ಮೇಕಪ್ಪಿಗೆ ಹೆಚ್ಚು ಹಣ ಸಿಕ್ಕ ಮೇಲೆ ಅದರ ಮೇಲೆ ಏಣುಗಳೆದ್ದವು. ಈ ವ್ಯತ್ಯಾಸಕ್ಕೆ ಕಥೆಯೊಳಗೇ ಕಾರಣ ಒದಗಿಸಲು ‘ಎಂಟರ್‌ಪ್ರೈಸ್’ ಎಂಬ ನಂತರದ ಸ್ಟಾರ್ ಟ್ರೆಕ್ ಧಾರಾವಾಹಿಯವರು 2005ರಲ್ಲಿ ಎರಡು ಕಂತುಗಳನ್ನೇ ವ್ಯಯಿಸಿದರು. ಮೂಲ ಧಾರಾವಾಹಿ 1969ರವರೆಗೆ ನಡೆಯಿತು. ಅದರಲ್ಲಿ ಒಟ್ಟು 79 ಕಂತುಗಳು. ರ್ಯಾಂಡ್ ಎಲ್ಲಿಗೆ ಹೋದಳೆಂದು ಅವುಗಳಲ್ಲಿ ಯಾರೂ ಒಂದು ಮಾತು ವಿಚಾರಿಸುವುದಿಲ್ಲ, ಕರ್ಕ್ ಕೂಡ.